ಹಾರಿದ್ದು ಒಂದು ಸಲ, ಫೋಟೊದಲ್ಲಿ ಐದು ಸಲ: ಇಡೀ ಜಿಗಿತವನ್ನು ಒಂದೇ ಚಿತ್ರದಲ್ಲಿ ತರುವುದು ಹೇಗೆ

ಬೇಸಿಗೆ ರಜೆಗೆ ಅಕ್ಕನ ಮಗ ಊರಿಗೆ ಬಂದರೆ ಅವನ ಮಧ್ಯಾಹ್ನವೆಲ್ಲ ಹೊಳೆಯಲ್ಲೇ. ಅಲ್ಲಿ ಹತ್ತಡಿ ಎತ್ತರದ ಒಂದು ಬಂಡೆ ಇದೆ, ಅದರ ಬುಡದಲ್ಲಿ ಆಳದ ಗುಂಡಿ. ಹುಡುಗ ಓಡಿ ಬಂದು, ಅಂಚಿನಲ್ಲಿ ಒಂದು ಕಾಲು ಊರಿ, ಮೇಲಕ್ಕೆ ಚಿಮ್ಮಿ, ಗಾಳಿಯಲ್ಲೇ ಮಂಡಿ ಮಡಿಸಿ, ಮತ್ತೆ ಕಾಲು ಚಾಚಿ ಧುಡುಂ ಅಂತ ನೀರಿಗೆ ಬೀಳುತ್ತಾನೆ. ಅಷ್ಟೂ ಒಂದು ಸೆಕೆಂಡಿನ ಆಟ. ಒಂದು ಫೋಟೊ ತೆಗೆದರೆ ಅದರಲ್ಲಿ ಒಂದು ಭಂಗಿ ಮಾತ್ರ ಸಿಗುತ್ತದೆ. ವಿಡಿಯೊ ತೆಗೆದರೆ ಎಲ್ಲಾ ಇರುತ್ತದೆ, ಆದರೆ ಗೋಡೆಗೆ ಹಾಕೋಕಾಗಲ್ಲ. ನನಗೆ ಬೇಕಿದ್ದದ್ದು ಬಂಡೆಯಿಂದ ನೀರಿನವರೆಗಿನ ಇಡೀ ದಾರಿ, ಒಂದೇ ಚಿತ್ರದಲ್ಲಿ.

ಇದನ್ನು ಮಾಡುವುದು ಕಷ್ಟವಲ್ಲ. ಆದರೆ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ ಇದು ಅಂತ ಜನ ಅಂದುಕೊಂಡಿದ್ದಾರಲ್ಲ, ಅಲ್ಲೇ ಎಡವೋದು. ಮುಕ್ಕಾಲು ಪಾಲು ಕೆಲಸ ಹೊಳೆದಂಡೆಯಲ್ಲೇ ಮುಗಿದಿರಬೇಕು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಚಿತ್ರದಲ್ಲಿನ ಒಂದು ದೇಹಕ್ಕೂ ಮುಂದಿನ ದೇಹಕ್ಕೂ ನಡುವೆ ಸರಿಯಾಗಿ ಒಂದೇ ಅಳತೆಯ ಸಮಯ ಕಳೆದಿರಬೇಕು. ಅದು ತಪ್ಪಿದರೆ ಚಿತ್ರ ಚೆನ್ನಾಗಿ ಕಂಡರೂ ಸುಳ್ಳಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಾಗ ಮತ್ತು ನಿಲುವು

ಮೊದಲು ಕ್ಯಾಮೆರಾ ತೆಗೆಯಲೇಬೇಡಿ. ಎರಡು ಮೂರು ಸಲ ಹಾರೋದನ್ನು ಸುಮ್ನೆ ನೋಡಿ. ಎಲ್ಲಿಂದ ಚಿಮ್ಮುತ್ತಾನೆ, ಎಷ್ಟು ಮೇಲೆ ಹೋಗುತ್ತಾನೆ, ಎಲ್ಲಿ ಬೀಳುತ್ತಾನೆ ಅನ್ನೋದನ್ನು ಗುರುತು ಮಾಡಿಕೊಳ್ಳಿ. ನೀವು ಅವನ ಎದುರಿಗೂ ನಿಲ್ಲಬಾರದು, ಹಿಂದೆಯೂ ನಿಲ್ಲಬಾರದು. ಪಕ್ಕದಲ್ಲಿ ನಿಲ್ಲಬೇಕು, ಅವನು ನಿಮ್ಮ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಅಡ್ಡ ಹಾಯಬೇಕು. ಎದುರಿಂದ ತೆಗೆದರೆ ಐದೂ ದೇಹ ಒಂದರ ಮೇಲೊಂದು ಬಿದ್ದು ಗೊಂಚಲಾಗುತ್ತದೆ.

ಫ್ರೇಮಿನಲ್ಲಿ ಸುತ್ತಲೂ ಧಾರಾಳವಾಗಿ ಜಾಗ ಬಿಡಿ, ಅದರಲ್ಲೂ ಮೇಲ್ಗಡೆ. ತಲೆ ಕತ್ತರಿಸಿಹೋದ ಒಂದೇ ಒಂದು ಫ್ರೇಮಿನಿಂದ ಇಡೀ ಸರಣಿ ಹಾಳಾಗುತ್ತದೆ. ಹೆಚ್ಚಾಗಿದ್ದನ್ನು ಆಮೇಲೆ ಕತ್ತರಿಸಬಹುದು.

ಹಿನ್ನೆಲೆ ಅಲುಗಾಡದಂತಿರಲಿ. ಗಾಳಿಗೆ ಓಲಾಡುವ ಬಿದಿರು ಮೆಳೆ, ಹಿಂದೆ ಓಡಾಡುವ ಜನ, ನೀರಿಗೆ ಬಂದ ಎಮ್ಮೆ, ಇವೆಲ್ಲ ಆಮೇಲೆ ತಲೆನೋವು. ಒಂದು ಕಡೆ ಬಂಡೆ, ಹಿಂದೆ ನೆರಳಲ್ಲಿರುವ ಕಪ್ಪು ಕಾಡು ಸಿಕ್ಕಿದರೆ ಬಹಳ ಒಳ್ಳೆಯದು. ಬಟ್ಟೆಯ ಬಣ್ಣವೂ ಮುಖ್ಯ. ನಮ್ಮ ಹುಡುಗನಿಗೆ ಕೆಂಪು ಚಡ್ಡಿ ಹಾಕಿಸಿದ್ದೆ, ಹಸಿರು ಹಿನ್ನೆಲೆಯಲ್ಲಿ ಎದ್ದು ಕಾಣುತ್ತಿತ್ತು.

ಇನ್ನೊಂದು ವಿಷಯ, ಇದರಲ್ಲಿ ರಾಜಿ ಇಲ್ಲ. ನೀರಿನ ಆಳ ಗೊತ್ತಿರುವ ಜಾಗದಲ್ಲಿ, ಈಜು ಚೆನ್ನಾಗಿ ಬರುವವರನ್ನು ಮಾತ್ರ ಹಾರಿಸಿ. ಕೆಳಗೆ ನೀರಲ್ಲಿ ಈಜು ಬಲ್ಲ ದೊಡ್ಡವರೊಬ್ಬರು ಇರಲಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹೊಳೆಯ ತಳ ಬದಲಾಗಿರುತ್ತದೆ, ಹೋದ ವರ್ಷ ಆಳ ಇದ್ದ ಕಡೆ ಈಗ ಮರದ ದಿಮ್ಮಿ ಬಂದು ಕೂತಿರಬಹುದು. ಹುಡುಗನಿಗೆ ಸುಸ್ತಾಗಿದೆ ಅಂತ ಕಂಡರೆ ಅವತ್ತಿಗೆ ಸಾಕು ಮಾಡಿ. ಫೋಟೊ ನಾಳೆಯೂ ತೆಗೆಯಬಹುದು.

ಕ್ಯಾಮೆರಾ ಅಲ್ಲಾಡಬಾರದು

ಟ್ರೈಪಾಡ್ ಇದ್ದರೆ ಕಾಲು ಗಟ್ಟಿಯಾಗಿ ಊರಿ, ನಡುವಿನ ಕೊಕ್ಕೆಗೆ ಭಾರದ ಚೀಲ ನೇತುಹಾಕಿ. ಇಲ್ಲದಿದ್ದರೆ ಒಂದು ಬಟ್ಟೆ ಚೀಲಕ್ಕೆ ಎರಡು ಕೆಜಿ ಅಕ್ಕಿ ತುಂಬಿ, ಬಾಯಿ ಕಟ್ಟಿ, ಕಲ್ಲಿನ ಮೇಲಿಟ್ಟು ಅದರಲ್ಲಿ ಕ್ಯಾಮೆರಾವನ್ನೋ ಫೋನನ್ನೋ ಒತ್ತಿ ಕೂರಿಸಿ. ನಾನು ಎಷ್ಟೋ ಸಲ ಹೀಗೇ ತೆಗೆದಿದ್ದೇನೆ, ಆಮೇಲೆ ಅದೇ ಅಕ್ಕಿ ಅನ್ನಕ್ಕಾಯಿತು. ಲೆನ್ಸಿನಲ್ಲಿ ಅಲುಗಾಟ ತಡೆಯುವ ಸ್ವಿಚ್ ಇದ್ದರೆ ಟ್ರೈಪಾಡಿನ ಮೇಲೆ ಅದನ್ನು ಆಫ್ ಮಾಡಿ. ಅದು ಒಳಗೊಳಗೇ ಚಿತ್ರವನ್ನು ಒಂದಿಷ್ಟು ಸರಿಸುತ್ತಿರುತ್ತದೆ, ನಮಗೆ ಅದು ಬೇಡ.

ಹುಡುಗನ ಜೊತೆ ಕ್ಯಾಮೆರಾ ತಿರುಗಿಸುತ್ತಾ ಹೋಗಬೇಡಿ. ಅಭ್ಯಾಸಬಲದಿಂದ ಕೈ ತಿರುಗುತ್ತದೆ, ತಡೆದುಕೊಳ್ಳಿ.

ಎಲ್ಲವನ್ನೂ ಬೀಗ ಹಾಕಿ

ನನ್ನ ಮೊದಲ ಪ್ರಯತ್ನ ಹಾಳಾದದ್ದು ಇಲ್ಲಿ. ಕ್ಯಾಮೆರಾವನ್ನು ಆಟೊ ಮೋಡಿನಲ್ಲಿ, ಅಂದರೆ ಎಲ್ಲವನ್ನೂ ಅದೇ ತೀರ್ಮಾನಿಸುವಂತೆ ಬಿಟ್ಟಿದ್ದೆ. ನೀರು ಬೆಳ್ಳಗೆ ಚಿಮ್ಮಿದ ಕೂಡಲೇ ಕ್ಯಾಮೆರಾ ಬೆಳಕು ಜಾಸ್ತಿಯಾಯಿತು ಅಂತ ತಾನೇ ಕಡಿಮೆ ಮಾಡಿಕೊಂಡಿದೆ. ಮೊದಲ ಫ್ರೇಮಿನ ಹೊಳೆ ಹಸಿರು, ಮೂರನೆಯದು ನೀಲಿ, ಕೊನೆಯದು ಬೂದಿ. ಎರಡು ಸಂಜೆ ಕೂತು ಬಣ್ಣ ಸರಿಮಾಡಲು ನೋಡಿದೆ, ಆಗಲಿಲ್ಲ. ದೇಹದ ಸುತ್ತ ಕತ್ತರಿಸಿ ಅಂಟಿಸಿದ ಗೆರೆ ಹಾಗೇ ಕಾಣುತ್ತಿತ್ತು.

ಅದಕ್ಕೇ ಎಲ್ಲವನ್ನೂ ಮ್ಯಾನ್ಯುಯಲ್‌ಗೆ, ಅಂದರೆ ನಾವೇ ಇಟ್ಟಂತೆ ಇರುವ ಮೋಡಿಗೆ ಹಾಕಿ. ಒಳ್ಳೆ ಬಿಸಿಲಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಶಟರ್ (ಬೆಳಕು ಒಳಬಿಡುವ ಸಮಯ) 1/1600 ಸೆಕೆಂಡ್ ಇಟ್ಟುಕೊಂಡು ಶುರು ಮಾಡಿ. ಒಂದು ಫೋಟೊ ತೆಗೆದು ನೋಡಿ, ಬೇಕಾದರೆ ಸ್ವಲ್ಪ ಆಚೀಚೆ ಮಾಡಿ. ಶಟರ್ 1/1000ಕ್ಕಿಂತ ನಿಧಾನ ಆಗದಿರಲಿ, ಇಲ್ಲದಿದ್ದರೆ ನೀರಿಗೆ ಹತ್ತಿರವಾದಂತೆ ಕೈಕಾಲು ಕಲಸಿಹೋಗುತ್ತದೆ. ವೈಟ್ ಬ್ಯಾಲೆನ್ಸನ್ನು (ಬಣ್ಣದ ಹೊಂದಾಣಿಕೆ) ಬಿಸಿಲಿನ ಗುರುತಿಗೆ ಇಡಿ. ಫೋಕಸ್ ಹೇಗೆ? ಹುಡುಗನನ್ನು ಬಂಡೆಯ ಅಂಚಿನಲ್ಲಿ ನಿಲ್ಲಿಸಿ, ಅವನ ಮೇಲೆ ಫೋಕಸ್ ಮಾಡಿ, ಆಮೇಲೆ ಲೆನ್ಸನ್ನು ಮ್ಯಾನ್ಯುಯಲ್ ಫೋಕಸ್‌ಗೆ ತಿರುಗಿಸಿ ಮುಟ್ಟದೆ ಬಿಡಿ. ಅವನು ಪಕ್ಕಕ್ಕೆ ಹಾಯುವುದರಿಂದ ದೂರ ಹೆಚ್ಚೇನೂ ಬದಲಾಗುವುದಿಲ್ಲ, ಎಫ್ 8ರಲ್ಲಿ ಅಷ್ಟು ವ್ಯತ್ಯಾಸ ಗೊತ್ತೂ ಆಗುವುದಿಲ್ಲ.

ಫೋನಾದರೆ ಪ್ರೊ ಮೋಡ್ ಇದೆಯಾ ನೋಡಿ, ಅದರಲ್ಲಿ ಇವೆಲ್ಲ ಸಿಗುತ್ತವೆ. ಇಲ್ಲದಿದ್ದರೆ ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಬೇರೆ ಬೇರೆ ಬೆಳಕಿನ ಚಿತ್ರಗಳನ್ನು ಫೋನೇ ಬೆರೆಸುವ ಎಚ್‌ಡಿಆರ್ ಆಫ್ ಇರಲಿ.

ಆಕಾಶವನ್ನೂ ನೋಡಿಕೊಳ್ಳಿ. ತುಂಡು ಮೋಡಗಳು ಓಡಾಡುತ್ತಿದ್ದರೆ ಸೂರ್ಯ ಪೂರ್ತಿ ಹೊರಗೆ ಬರುವವರೆಗೆ ಕಾಯಿರಿ.

ಬರ್ಸ್ಟ್ ತೆಗೆಯುವುದು

ಕ್ಯಾಮೆರಾವನ್ನು ಬರ್ಸ್ಟ್‌ಗೆ, ಅಂದರೆ ಬಟನ್ ಒತ್ತಿ ಹಿಡಿದಷ್ಟೂ ಹೊತ್ತು ಪಟಪಟ ತೆಗೆಯುವ ಮೋಡಿಗೆ ಹಾಕಿ. ಸೆಕೆಂಡಿಗೆ 8 ಫ್ರೇಮ್ ತೆಗೆದರೆ ಈ ಕೆಲಸಕ್ಕೆ ಧಾರಾಳ ಸಾಕು. 5 ಆದರೂ ನಡೆಯುತ್ತದೆ. ಹಳೆಯ ಕ್ಯಾಮೆರಾಗಳಲ್ಲಿ ರಾ ಫೈಲು (ಕ್ಯಾಮೆರಾ ಸಂಸ್ಕರಿಸದ ದೊಡ್ಡ ಮೂಲ ಫೈಲು) ತೆಗೆದರೆ ನಡುವೆ ಮೆಮೊರಿ ತುಂಬಿ ವೇಗ ಕುಸಿಯುತ್ತದೆ, ಕುಸಿದ ಕಡೆ ಸಮಯದ ಅಂತರವೂ ಕೆಡುತ್ತದೆ. ಅಂಥ ಕ್ಯಾಮೆರಾ ಆದರೆ ಜೆಪೆಗ್‌ನಲ್ಲೇ ತೆಗೆಯಿರಿ. ಬೆಳಕು, ಬಣ್ಣ ಎಲ್ಲಾ ಮೊದಲೇ ಲಾಕ್ ಮಾಡಿರುವುದರಿಂದ ಜೆಪೆಗ್ ಆದರೂ ತೊಂದರೆ ಇಲ್ಲ.

ಈಗ ಕ್ರಮ ಹೀಗಿರಲಿ. ಮೊದಲು ಯಾರೂ ಇಲ್ಲದ ಖಾಲಿ ಫ್ರೇಮ್ ಎರಡು ತೆಗೆಯಿರಿ. ಆಮೇಲೆ ಹುಡುಗನಿಗೆ ಹೇಳಿ. ನಮ್ಮವನು "ಮಾಮ, ಬರ್ಲಾ?" ಅಂತ ಕೂಗುತ್ತಾನೆ, ನಾನು "ಬಾ" ಅನ್ನುತ್ತೇನೆ, ಅವನು ಓಡಲು ಶುರು ಮಾಡಿದ ಕೂಡಲೇ ಬಟನ್ ಒತ್ತುತ್ತೇನೆ. ಚಿಮ್ಮುವವರೆಗೆ ಕಾಯಬಾರದು, ಕಾದರೆ ಮೊದಲ ಭಂಗಿ ತಪ್ಪಿಹೋಗುತ್ತದೆ. ನೀರು ಚಿಮ್ಮಿ ಮತ್ತೆ ಕೆಳಗೆ ಬೀಳುವವರೆಗೆ ಬೆರಳು ತೆಗೆಯಬೇಡಿ. ಕೊನೆಗೆ ಅಲೆ ಎಲ್ಲಾ ಇಳಿದ ಮೇಲೆ ಇನ್ನೊಂದು ಖಾಲಿ ಫ್ರೇಮ್. ಹೀಗೆ ನಾಲ್ಕೈದು ಜಿಗಿತ ತೆಗೆದುಕೊಳ್ಳಿ. ಆದರೆ ಬೇರೆ ಬೇರೆ ಜಿಗಿತದ ಭಂಗಿಗಳನ್ನು ಒಂದೇ ಚಿತ್ರಕ್ಕೆ ಬೆರೆಸಬೇಡಿ.

ಬರ್ಸ್ಟ್ ಇಲ್ಲದವರು ವಿಡಿಯೊದಿಂದಲೂ ಫ್ರೇಮ್ ತೆಗೆಯಬಹುದು. 4ಕೆ ವಿಡಿಯೊದ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತದೆ, ಮಾಮೂಲಿ ಫುಲ್ ಎಚ್‌ಡಿಯಲ್ಲಿ 21 ಲಕ್ಷ ಮಾತ್ರ. ಹಾಗಾಗಿ 4ಕೆಯಲ್ಲೇ ತೆಗೆಯಿರಿ. ವಿಎಲ್‌ಸಿ ಪ್ಲೇಯರಿನಲ್ಲಿ ಒಂದೊಂದೇ ಫ್ರೇಮ್ ಮುಂದೆ ಹೋಗಿ, ಬೇಕಾದ್ದನ್ನು ಚಿತ್ರವಾಗಿ ಉಳಿಸಿಕೊಳ್ಳಬಹುದು. ಎಷ್ಟು ಫ್ರೇಮಿಗೊಂದು ಅಂತ ಎಣಿಸಿಕೊಂಡೇ ಹೋಗಿ. ಸೆಕೆಂಡಿಗೆ 24 ಫ್ರೇಮಿನ ವಿಡಿಯೊ ಆದರೆ ಪ್ರತಿ 6ನೇ ಫ್ರೇಮ್, 60ರದ್ದಾದರೆ ಪ್ರತಿ 15ನೆಯದು, ಅಂದರೆ ಕಾಲು ಸೆಕೆಂಡಿಗೆ ಒಂದು.

ಯಾವ ಫ್ರೇಮ್ ಇಟ್ಟುಕೊಳ್ಳಬೇಕು

ಇಲ್ಲಿ ಸ್ವಲ್ಪ ನಿಲ್ಲೋಣ. ಮೊದಲ ಚಿತ್ರ ಮುಗಿಸಿ ಹುಡುಗನಿಗೆ ತೋರಿಸಿದಾಗ ಅವನು ಕೇಳಿದ್ದು ಇದೇ: "ಮಾಮ, ಮೇಲೆ ಹತ್ತಿರ ಹತ್ತಿರ ಇದೀನಿ, ಕೆಳಗೆ ಯಾಕೆ ಇಷ್ಟು ದೂರ ದೂರ?"

ಲೆಕ್ಕ ಬಹಳ ಚೆನ್ನಾಗಿದೆ. ಚಿಮ್ಮಿ ಮೇಲೆ ಹೋಗಿ ಒಂದು ಕ್ಷಣ ನಿಂತಂತೆ ಕಾಣುವ ತುದಿಯಿಂದ ಎಣಿಸಿ. ಮೊದಲ ಕಾಲು ಸೆಕೆಂಡಿನಲ್ಲಿ ಅವನು ಕೆಳಗಿಳಿಯುವುದು ಸುಮಾರು ಒಂದಡಿ. ಎರಡನೇ ಕಾಲು ಸೆಕೆಂಡಿನಲ್ಲಿ ಮೂರಡಿ. ಮೂರನೆಯದರಲ್ಲಿ ಐದಡಿ. ಒಂದು, ಮೂರು, ಐದು. ಬೀಳುವ ವಸ್ತು ಹೀಗೆ ಬೆಸ ಸಂಖ್ಯೆಗಳ ಲೆಕ್ಕದಲ್ಲಿ ಇಳಿಯುತ್ತದೆ ಅಂತ ಗೆಲಿಲಿಯೊ 400 ವರ್ಷಗಳ ಹಿಂದೆಯೇ ಕಂಡುಕೊಂಡಿದ್ದ. ಶಾಲೆಯಲ್ಲಿ ಸೂತ್ರವಾಗಿ ಬಾಯಿಪಾಠ ಮಾಡಿದ್ದು ನಿಮ್ಮ ಹೊಳೆಯ ಫೋಟೊದಲ್ಲಿ ಕಣ್ಣಿಗೇ ಕಾಣುತ್ತದೆ, ಸ್ಕೇಲ್ ಇಟ್ಟು ಅಳೆಯಬಹುದು. ಆದರೆ ಅದು ಕಾಣುವುದು ಫ್ರೇಮುಗಳ ನಡುವಿನ ಸಮಯ ಒಂದೇ ಇದ್ದರೆ ಮಾತ್ರ.

ಹಾಗಾಗಿ ಸೆಕೆಂಡಿಗೆ 8 ಫ್ರೇಮಿನ ಬರ್ಸ್ಟ್ ಆದರೆ ಒಂದು ಬಿಟ್ಟು ಒಂದು ಆರಿಸಿ. ಅಂಚಿನಲ್ಲಿ ಕಾಲೂರಿದ್ದು, ತುದಿಯಲ್ಲಿ ಮಂಡಿ ಮಡಿಸಿದ್ದು, ಇಳಿಯುತ್ತಿರುವ ಮೂರು, ಒಟ್ಟು ಐದು ದೇಹ, ಆರನೆಯದು ನೀರಿನ ಚಿಮ್ಮು. ಒಂದು ಭಂಗಿ ಚೆನ್ನಾಗಿಲ್ಲ ಅಂತ ಅದರ ಪಕ್ಕದ ಫ್ರೇಮ್ ತೆಗೆದುಕೊಳ್ಳಬೇಡಿ. ಮೇಲೆ ದೇಹಗಳು ಒಂದಕ್ಕೊಂದು ತಾಗುತ್ತಿವೆ ಅಂತ ಮೌಸಿನಲ್ಲಿ ಎಳೆದು ಸರಿಸಬೇಡಿ. ತಾಗಲಿ ಬಿಡಿ. ಹುಡುಗ ತುದಿಯಲ್ಲಿ ನಿಧಾನ, ಕೆಳಗೆ ವೇಗ. ಆ ದಟ್ಟಣೆಯಲ್ಲೇ ಅದು ಗೊತ್ತಾಗೋದು. ಎಲ್ಲರನ್ನೂ ಸಮ ದೂರಕ್ಕೆ ಜೋಡಿಸಿದ ಚಿತ್ರಗಳನ್ನು ನೋಡಿದ್ದೇನೆ, ದಾರಕ್ಕೆ ಬಟ್ಟೆ ಒಣಹಾಕಿದಂತೆ ಕಾಣುತ್ತವೆ, ಬೀಳುವ ಭಾರವೇ ಇರುವುದಿಲ್ಲ.

ಅಡ್ಡಡ್ಡ ಓಡುವುದಾದರೆ ಲೆಕ್ಕ ಸುಲಭ. ವೇಗ ಗೊತ್ತಿದ್ದರೆ ಎಷ್ಟು ಫ್ರೇಮಿಗೊಂದು ಅಂತ ಮೊದಲೇ ಹೇಳಬಹುದು. ಕಂಬಳವನ್ನೇ ತಗೊಳ್ಳಿ. 2020ರಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಓಟದ ಕೆಸರುಗದ್ದೆ) 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತಲ್ಲ, ಅದು ಸೆಕೆಂಡಿಗೆ ಹತ್ತು ಮೀಟರಿಗಿಂತ ಸ್ವಲ್ಪ ಜಾಸ್ತಿ. ಸೆಕೆಂಡಿಗೆ 10 ಫ್ರೇಮ್ ತೆಗೆದರೆ ಒಂದು ಫ್ರೇಮಿಗೆ ಒಂದು ಮೀಟರ್. ಕೋಣ, ನೇಗಿಲು, ಓಟಗಾರ ಸೇರಿ ಅದಕ್ಕಿಂತ ಎಷ್ಟೋ ಉದ್ದ ಇರುವುದರಿಂದ ಆರೇಳು ಫ್ರೇಮಿಗೊಂದು ಆರಿಸಿದರಷ್ಟೇ ಬಿಡಿಬಿಡಿಯಾಗಿ ಕಾಣುತ್ತವೆ. ಕೆಸರುನೀರು ಎದ್ದು ಹಿಂದಿನದನ್ನು ಮುಚ್ಚುವುದರಿಂದ ಕಂಬಳ ನಿಜಕ್ಕೂ ಕಷ್ಟದ ಪಾಠ, ಮೊದಲ ಸಲಕ್ಕೆ ಅದನ್ನು ಹಿಡಿಯಬೇಡಿ.

ಕಂಪ್ಯೂಟರಿನಲ್ಲಿ ಜೋಡಿಸುವುದು

ನಾನು ಬಳಸುವುದು ಗಿಂಪ್ ಅನ್ನುವ ಫೋಟೊ ತಿದ್ದುವ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಫೋಟೊಶಾಪ್ ಇದ್ದವರಿಗೂ ಕೆಲಸ ಇದೇ, ಮೆನು ಬೇರೆ.

ರಾದಲ್ಲಿ ತೆಗೆದಿದ್ದರೆ ಎಲ್ಲಾ ಫೈಲಿಗೂ ಒಂದೇ ಸೆಟ್ಟಿಂಗ್ ಹಾಕಿ ಪರಿವರ್ತಿಸಿ. ಒಂದಕ್ಕೆ ಒಂದಿಷ್ಟು, ಇನ್ನೊಂದಕ್ಕೆ ಇನ್ನೊಂದಿಷ್ಟು ಮಾಡಬಾರದು. ಆಮೇಲೆ ಗಿಂಪ್‌ನ ಫೈಲ್ ಮೆನುವಿನಲ್ಲಿ 'ಓಪನ್ ಆಸ್ ಲೇಯರ್ಸ್' ಒತ್ತಿ ಎಲ್ಲವನ್ನೂ ಒಟ್ಟಿಗೆ ತೆರೆಯಿರಿ. ಒಂದರ ಮೇಲೊಂದು ಲೇಯರ್ ಆಗಿ ಕೂರುತ್ತವೆ. ಪ್ರತಿಯೊಂದಕ್ಕೂ 'ಕಾಲೂರಿದ್ದು', 'ತುದಿ', 'ಇಳಿತ 1' ಅಂತ ಹೆಸರು ಕೊಡಿ, ಇಲ್ಲದಿದ್ದರೆ ಅರ್ಧಕ್ಕೆ ಬರುವಷ್ಟರಲ್ಲಿ ಯಾವುದು ಯಾವುದು ಅಂತ ಮರೆತುಹೋಗುತ್ತದೆ.

ಈಗ ಜೋಡಣೆ ಪರೀಕ್ಷೆ. ಮೇಲಿನ ಒಂದು ಲೇಯರಿನ ಮೋಡನ್ನು 'ಡಿಫರೆನ್ಸ್' ಮಾಡಿ, ಕೆಳಗೆ ಇನ್ನೊಂದನ್ನು ಮಾತ್ರ ಕಾಣುವಂತೆ ಬಿಡಿ. ಎರಡೂ ಸರಿಯಾಗಿ ಕೂತಿದ್ದರೆ ಬಂಡೆ, ಮರ ಎಲ್ಲಾ ಕಪ್ಪಾಗಿ, ಹುಡುಗ ಮತ್ತು ನೀರು ಮಾತ್ರ ಹೊಳೆಯುತ್ತವೆ. ಬಂಡೆಯ ಅಂಚಿನಲ್ಲಿ ತೆಳ್ಳಗೆ ಬಿಳಿ ಗೆರೆ ಕಂಡರೆ ಕ್ಯಾಮೆರಾ ಅಲುಗಿದೆ ಅಂತ ಅರ್ಥ. ಮೂವ್ ಉಪಕರಣ ಹಿಡಿದು ಬಾಣದ ಕೀಲಿಗಳಿಂದ ಒಂದೊಂದೇ ಪಿಕ್ಸೆಲ್ ಸರಿಸಿ, ಗೆರೆ ಮಾಯವಾಗುವವರೆಗೆ. ಜಾಸ್ತಿ ಅಲುಗಿದ್ದರೆ ಫೋಟೊಶಾಪಿನ 'ಆಟೊ ಅಲೈನ್', ಅಥವಾ ಉಚಿತವಾಗಿ ಸಿಗುವ ಹ್ಯೂಗಿನ್ ತಂತ್ರಾಂಶ ಸಹಾಯಕ್ಕೆ ಬರುತ್ತವೆ. ಮುಗಿದ ಮೇಲೆ ಮೋಡನ್ನು ಮತ್ತೆ 'ನಾರ್ಮಲ್' ಮಾಡಿ.

ಎಲ್ಲದಕ್ಕೂ ಕೆಳಗೆ ಯಾವ ಫ್ರೇಮ್? ಮಾಮೂಲಿಯಾಗಿ ಖಾಲಿ ಫ್ರೇಮ್. ಆದರೆ ನೀರಿನ ಜಿಗಿತದಲ್ಲಿ ನಾನು ಚಿಮ್ಮು ಇರುವ ಫ್ರೇಮನ್ನೇ ತಳಕ್ಕೆ ಇಡುತ್ತೇನೆ. ಚಿಮ್ಮಿದ ನೀರನ್ನು ಹನಿ ಹನಿಯಾಗಿ ಕತ್ತರಿಸಿ ತರುವುದು ಆಗದ ಕೆಲಸ. ಅದನ್ನೇ ನೆಲ ಮಾಡಿಕೊಂಡರೆ ಅದರ ಅಲೆ, ಹನಿ, ನೊರೆ ಎಲ್ಲಾ ಇದ್ದಲ್ಲೇ ಇರುತ್ತವೆ, ದೇಹಗಳನ್ನಷ್ಟೇ ಮೇಲೆ ತಂದರಾಯಿತು. ಖಾಲಿ ಫ್ರೇಮ್ ತೆಗೆಯಲು ಮರೆತವರಿಗೂ ದಾರಿ ಇದೆ: ಹುಡುಗ ಎಡದಲ್ಲಿರುವ ಫ್ರೇಮಿನ ಬಲಭಾಗ, ಬಲದಲ್ಲಿರುವ ಫ್ರೇಮಿನ ಎಡಭಾಗ ಎರಡನ್ನೂ ಸೇರಿಸಿದರೆ ಖಾಲಿ ಹಿನ್ನೆಲೆ ತಯಾರು.

ಮಾಸ್ಕ್

ತಳದ್ದನ್ನು ಬಿಟ್ಟು ಉಳಿದ ಪ್ರತಿ ಲೇಯರಿನ ಮೇಲೂ ಬಲ ಕ್ಲಿಕ್ ಮಾಡಿ 'ಆಡ್ ಲೇಯರ್ ಮಾಸ್ಕ್' ಒತ್ತಿ 'ಬ್ಲ್ಯಾಕ್' ಆರಿಸಿ. ಲೇಯರ್ ಪೂರ್ತಿ ಮಾಯವಾಗುತ್ತದೆ, ಗಾಬರಿ ಬೇಡ. ಮಾಸ್ಕಿನಲ್ಲಿ ಕಪ್ಪು ಅಂದರೆ ಮುಚ್ಚಿದ್ದು, ಬಿಳಿ ಅಂದರೆ ತೆರೆದದ್ದು. ಬಿಳಿ ಬಣ್ಣದ ಬ್ರಷ್ ಹಿಡಿದು ಹುಡುಗ ಇರುವ ಕಡೆ ಬಳಿಯುತ್ತಾ ಹೋದರೆ ಅವನು ಹೊರಗೆ ಬರುತ್ತಾನೆ. ಜಾಸ್ತಿ ಬಳಿದರೆ ಎಕ್ಸ್ ಕೀಲಿ ಒತ್ತಿ ಕಪ್ಪಿಗೆ ತಿರುಗಿ ಅಳಿಸಿ. ರಬ್ಬರ್ ಉಪಕರಣ ಬಳಸಲೇಬೇಡಿ. ಅದರಿಂದ ಚಿತ್ರವೇ ಅಳಿಸಿಹೋಗಬಹುದು, ಮಾಸ್ಕಿನಲ್ಲಾದರೆ ಯಾವಾಗ ಬೇಕಾದರೂ ವಾಪಸ್ ಬರಬಹುದು.

ಬ್ರಷ್ ಎಷ್ಟು ಮೆತ್ತಗಿರಬೇಕು ಅನ್ನೋದು ಅಕ್ಕಪಕ್ಕ ಏನಿದೆ ಅನ್ನೋದರ ಮೇಲೆ. ಹುಡುಗನ ಸುತ್ತ ಬರೀ ಕಾಡು, ನೀರು ಇದ್ದರೆ ದೊಡ್ಡ ಮೆತ್ತನೆ ಬ್ರಷ್ ಸಾಕು. ಅಂಚನ್ನು ಕೂದಲೆಳೆಯಷ್ಟು ನಿಖರವಾಗಿ ಕತ್ತರಿಸಬೇಕಿಲ್ಲ, ಯಾಕೆಂದರೆ ಎಲ್ಲಾ ಫ್ರೇಮಿನ ಹಿನ್ನೆಲೆಯೂ ಒಂದೇ. ಬೀಗ ಹಾಕಿದ್ದರ ಫಲ ಸಿಗುವುದು ಇಲ್ಲಿ. ಎರಡು ದೇಹ ಒಂದಕ್ಕೊಂದು ತಾಗುವ ಕಡೆ ಮಾತ್ರ ಚಿತ್ರವನ್ನು ದೊಡ್ಡದು ಮಾಡಿ, ಚಿಕ್ಕ ಗಟ್ಟಿ ಬ್ರಷ್ ಹಿಡಿದು ಕೆಲಸ ಮಾಡಿ. ನನ್ನ ಚಿತ್ರದಲ್ಲಿ ತುದಿಯಲ್ಲಿದ್ದವನ ಪಾದ ಅದರ ಮುಂದಿನ ಭಂಗಿಯ ತಲೆಗೂದಲಿನ ಹತ್ತಿರ ಬಂದಿತ್ತು. ಅಷ್ಟು ಪುಟ್ಟ ಜಾಗಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು, ಉಳಿದಿದ್ದಕ್ಕೆಲ್ಲ ಸೇರಿ ಹತ್ತು. ಯಾರು ಮುಂದೆ ಕಾಣಬೇಕು? ನಂತರ ಬಂದವನು ಮುಂದೆ. ಒಂದು ಕ್ರಮ ಹಿಡಿದರೆ ಕೊನೆವರೆಗೂ ಅದೇ ಕ್ರಮ.

ನೆರಳನ್ನು ಮರೆಯಬೇಡಿ. ಬಂಡೆಯ ಮೇಲೆ ಕಾಲೂರಿದವನ ನೆರಳು ಬಂಡೆಯ ಮೇಲೆ ಬಿದ್ದಿರುತ್ತದೆ, ಅದನ್ನೂ ಬಳಿದು ತನ್ನಿ. ತರದಿದ್ದರೆ ಅವನು ಬಂಡೆಗೆ ತಾಗದೆ ತೇಲುತ್ತಿರುವಂತೆ ಕಾಣುತ್ತಾನೆ. ನೀರಿನ ಮೇಲಿನ ಪ್ರತಿಬಿಂಬವನ್ನು ತರುವಾಗ ಬ್ರಷ್ಷಿನ ಒಪ್ಯಾಸಿಟಿ (ಬಣ್ಣದ ಗಾಢತೆ) ಅರ್ಧಕ್ಕಿಳಿಸಿ ಮೆಲ್ಲಗೆ ಸವರಿ. ಒಂದೊಂದು ಫ್ರೇಮಿನಲ್ಲೂ ಅಲೆ ಬೇರೆ ಬೇರೆ ಇರುವುದರಿಂದ ಗಟ್ಟಿ ಅಂಚು ತಕ್ಷಣ ಕಣ್ಣಿಗೆ ಬೀಳುತ್ತದೆ, ಮೆತ್ತನೆ ಅಂಚು ಅಲೆಯೊಳಗೆ ಕರಗಿಹೋಗುತ್ತದೆ.

ಮಾಸ್ಕ್ ಇಲ್ಲದೆ ಆಗುವ ಕೆಲಸವೂ ಇದೆ

ಹಿನ್ನೆಲೆ ಪೂರ್ತಿ ಬೆಳ್ಳಗಿದ್ದು ಚಲಿಸುವುದು ಕಪ್ಪಗಿದ್ದರೆ, ಮೇಲಿನ ಲೇಯರುಗಳ ಮೋಡನ್ನೆಲ್ಲ 'ಡಾರ್ಕನ್ ಓನ್ಲಿ' ಮಾಡಿ ಬಿಡಿ. ಪ್ರತಿ ಜಾಗದಲ್ಲೂ ಎಲ್ಲಕ್ಕಿಂತ ಕಪ್ಪಗಿರುವುದಷ್ಟೇ ಉಳಿಯುತ್ತದೆ. ಮೋಡದ ಆಕಾಶದಲ್ಲಿ ಸುತ್ತುವ ಹದ್ದು ಒಂದೇ ನಿಮಿಷದಲ್ಲಿ ತಯಾರು. ಕರಾವಳಿಯ ಗರುಡನಿಗೆ ಇದೇ ಉಪಾಯ ಮಾಡಲು ಹೋದರೆ ಕಂದು ರೆಕ್ಕೆ ಉಳಿದು ಬಿಳಿ ತಲೆ ಆಕಾಶದಲ್ಲಿ ಕರಗಿಹೋಗುತ್ತದೆ, ತಲೆಗೆ ಮಾತ್ರ ಮಾಸ್ಕ್ ಬೇಕು. ಕೊಕ್ಕರೆ ಬೆಳ್ಳೂರಿನ ಕೊಕ್ಕರೆಗಳ ಮೈಯಲ್ಲೂ ಬಿಳಿ ಜಾಸ್ತಿ, ಅಲ್ಲೂ ಈ ಮಾತು ನೆನಪಿರಲಿ.

ಇದಕ್ಕೆ ತಿರುಗುಮುರುಗು 'ಲೈಟನ್ ಓನ್ಲಿ': ಕಪ್ಪು ಪರದೆಯ ಮುಂದೆ ಬೆಳಕಿನಲ್ಲಿ ಕುಣಿಯುವವರಿಗೆ. ಈ ಇಡೀ ವಿದ್ಯೆ ಶುರುವಾದದ್ದೇ ಹಾಗೆ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ 12 ಕ್ಯಾಮೆರಾ ಸಾಲಾಗಿಟ್ಟು ಓಡುವ ಕುದುರೆಯನ್ನು ಬಿಡಿಬಿಡಿ ಫೋಟೊಗಳಲ್ಲಿ ಹಿಡಿದ. 1882ರಿಂದ ಫ್ರಾನ್ಸಿನ ಮಾರೇ ಅನ್ನುವ ಶರೀರಶಾಸ್ತ್ರಜ್ಞ ಒಂದೇ ಕ್ಯಾಮೆರಾದಲ್ಲಿ, ಒಂದೇ ಗಾಜಿನ ಪ್ಲೇಟಿನ ಮೇಲೆ, ಬಿಳಿ ಬಟ್ಟೆ ಹಾಕಿದವರನ್ನು ಕಪ್ಪು ಹಿನ್ನೆಲೆಯ ಮುಂದೆ ಓಡಿಸಿ, ಶಟರನ್ನು ಸಮ ಅಂತರದಲ್ಲಿ ತೆರೆದು ಮುಚ್ಚಿ ಚಿತ್ರ ತೆಗೆದ. ಹಿನ್ನೆಲೆ ಕಪ್ಪಗಿದ್ದುದರಿಂದಲೇ ಪ್ಲೇಟ್ ಬೆಳಕು ಕುಡಿದು ಹಾಳಾಗಲಿಲ್ಲ. ಅವನಿಗೂ ಬೇಕಿದ್ದದ್ದು ಅಂದವಲ್ಲ, ಅಳತೆ.

ಕೊನೆಯ ನೋಟ

ಚಿತ್ರವನ್ನು ಪೂರ್ತಿ ಗಾತ್ರಕ್ಕೆ ತಂದು ಮೂಲೆಯಿಂದ ಮೂಲೆಗೆ ನಿಧಾನವಾಗಿ ನೋಡಿ. ಅರ್ಧ ಕೈ, ಯಾರದೂ ಅಲ್ಲದ ನೆರಳು, ಎರಡು ಸಲ ಬಂದ ಹಕ್ಕಿ ಸಿಗಬಹುದು. ಒಂದೊಂದೇ ಲೇಯರನ್ನು ಆಫ್ ಮಾಡಿ ಆನ್ ಮಾಡಿದರೆ ತಪ್ಪು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ. ಬಣ್ಣ, ಕಾಂಟ್ರಾಸ್ಟ್ ಮುಟ್ಟುವುದಿದ್ದರೆ ಎಲ್ಲಾ ಸೇರಿಸಿದ ಒಂದು ಪ್ರತಿಯ ಮೇಲೆ ಮಾತ್ರ, ಲೇಯರುಗಳ ಮೇಲೆ ಬಿಡಿಬಿಡಿಯಾಗಿ ಬೇಡ. ಕತ್ತರಿಸುವುದೂ ಆಗಲೇ.

ಮಾಸ್ಕ್ ಇರುವ ಮೂಲ ಫೈಲನ್ನು ಗಿಂಪ್‌ನ ಎಕ್ಸ್‌ಸಿಎಫ್ ರೂಪದಲ್ಲೇ ಉಳಿಸಿಕೊಳ್ಳಿ, ಹಂಚಲು ಬೇರೆ ಜೆಪೆಗ್ ತೆಗೆಯಿರಿ. ಎಲ್ಲಾದರೂ ಹಾಕುವಾಗ, ಸ್ಪರ್ಧೆಗೆ ಕಳಿಸುವಾಗಲಂತೂ, ಇದು ಆರು ಫ್ರೇಮ್ ಸೇರಿಸಿದ ಚಿತ್ರ, ನಡುವಿನ ಅಂತರ ಕಾಲು ಸೆಕೆಂಡ್ ಅಂತ ಕೆಳಗೆ ಒಂದು ಸಾಲು ಬರೆಯಿರಿ. ನಮ್ಮ ಹುಡುಗನ ಕೋಣೆಯ ಗೋಡೆಯಲ್ಲಿರುವ ಚಿತ್ರದಡಿ ಆ ಸಾಲಿನ ಪಕ್ಕ ಅವನೇ ಪೆನ್ಸಿಲ್‌ನಲ್ಲಿ 1, 3, 5 ಅಂತ ಬರೆದುಕೊಂಡಿದ್ದಾನೆ.